ಚಾರ್ಜ್ ಆಗುವ ತನಕ

ಸ್ಯೊಂಬುವಾಳ ಅಂಗಡಿಯ ಮುಂದಿನ ಬೆಂಚಿನ ಮೇಲೆ ಒಂದು ಕಾಲಕ್ಕೆ ಕೂರಲು ಜಾಗ ಸಿಗುತ್ತಿರಲಿಲ್ಲ. ಈಗ ಅಲ್ಲಿ ಕೋಳಿ ಮಲಗುತ್ತಿತ್ತು.

ಅಂಗಡಿ ಎಂದರೆ ತಗಡಿನ ಒಂದು ಕೋಣೆ. ಮಾಡಿನ ಮೇಲೆ ದೊಡ್ಡದೊಂದು ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿ, ಗೋಡೆಗೆ ಫೋನುಗಳನ್ನಿಡಲು ಗೂಡುಗೂಡಾಗಿ ಹೊಡೆದ ಹಲಗೆ. ಕಿಯಾಂಗಿನಿ ಊರಿನಲ್ಲಿ ಇನ್ನೂ ಯಾರ ಮನೆಯಲ್ಲೂ ಪ್ಯಾನೆಲ್ ಇಲ್ಲದಾಗ ಅವಳ ತಾಯಿ ಬುಟ್ಟಿ ಹೆಣೆದು ಮಾರಿ ಅದನ್ನು ತಂದಿದ್ದಳು. ಆಗ, ಮಳೆಗಾಲ ಬಿಟ್ಟರೆ ನೀರೇ ಹರಿಯದ ಮರಳು ಹೊಳೆಯ ಎರಡೂ ದಡದಿಂದ ಜನ ಫೋನು ಹಿಡಿದು ಬರುತ್ತಿದ್ದರು. ಚಾರ್ಜ್ ಆಗಲು ಅರ್ಧ ದಿನ ಬೇಕು. ಮನೆಗೆ ಹೋಗಿ ಬರಬೇಕೆಂದರೆ ಆ ಸುಡುವ ಮರಳಿನಲ್ಲಿ ಮತ್ತೆ ಕಾಲು ಹುಗಿಸಿಕೊಂಡು ನಡೆಯಬೇಕು. ಹಾಗಾಗಿ ಹೆಂಗಸರು ಬೆಂಚಿನ ಮೇಲೇ ಕೂತು, ಕತ್ತಾಳೆ ನಾರು ತೊಡೆಯ ಮೇಲೆ ಹೊಸೆದು, ಬುಟ್ಟಿ ಹೆಣೆಯುತ್ತ ಮಾತಾಡುತ್ತಿದ್ದರು.

ಸ್ಯೊಂಬುವಾ ಮಾತಾಡುತ್ತಿರಲಿಲ್ಲ. ತಾಯಿಗೆ ಮೊಣಕಾಲು ನೋವು ಹಿಡಿದ ವರ್ಷ ಅವಳು ಏಳನೇ ತರಗತಿಗೆ ಶಾಲೆ ಬಿಟ್ಟು ಹಲಗೆಯ ಹಿಂದೆ ಬಂದು ಕೂತವಳು. ಯಾರ ಗಂಡ ಮೊಂಬಾಸಾದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಯಾರ ಆಡು ಯಾರ ತೊಗರಿ ಹೊಲಕ್ಕೆ ನುಗ್ಗಿತು, ಯಾರು ಯಾರಿಗೆ ಸಾರಿನಲ್ಲಿ ಉಪ್ಪು ಕಮ್ಮಿ ಎಂದರು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಜೊತೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವಳ ಎದುರಿಗೆ ಎಲ್ಲವನ್ನೂ ಮಾತಾಡುತ್ತಿದ್ದರು. ಅವಳಿಗೆ ಅಷ್ಟೇ ಸಾಕಾಗಿತ್ತು.

ಯಾವ ಫೋನು ಯಾರದೆಂದು ತಿಳಿಯಲು ತಾಯಿ ಒಂದು ಉಪಾಯ ಮಾಡಿದ್ದಳು. ಒಂದೊಂದು ಮನೆಗೆ ಒಂದೊಂದು ಬಣ್ಣದ ನಾರಿನ ದಾರ, ಗೋಡೆಯ ಮೊಳೆಗೆ ನೇತುಹಾಕಿದ್ದು. ಒಂದು ತುಂಡು ಫೋನಿಗೆ, ಅದೇ ಬಣ್ಣದ ಇನ್ನೊಂದು ತುಂಡು ಫೋನಿನವರ ಕೈಗೆ. ಪ್ಯಾನೆಲ್ಲು ಅಗ್ಗವಾಗುತ್ತ ಬಂದಂತೆ, ಎದುರು ಗುಡ್ಡದ ಮಾಡುಗಳು ಒಂದೊಂದಾಗಿ ಬಿಸಿಲಿಗೆ ಮಿಂಚತೊಡಗಿದವು. ಒಂದೊಂದು ಮಾಡು ಮಿಂಚಿದಾಗಲೂ ಒಂದೊಂದು ದಾರ ಮೊಳೆಯಲ್ಲೇ ಉಳಿಯಿತು. ಯಾರೂ ಜಗಳವಾಡಿ ಬಿಟ್ಟವರಲ್ಲ. ಬರುವುದು ಬೇಕಿರಲಿಲ್ಲ, ಬರಲಿಲ್ಲ. ತಾಯಿ ತೀರಿಕೊಂಡಾಗ ಎಲ್ಲರೂ ಬಂದು ಅತ್ತು, ಮಣ್ಣು ಮಾಡಿ, ಉಂಡು ಹೋದರು. ಆಮೇಲೆ ಉಳಿದದ್ದು ಒಂದೇ ದಾರ, ಹಳದಿ. ಅದು ಕಲುಂಡೆಜ್ಜಿಯದು.

ಹೊಳೆಯಾಚೆ ಕಲುಂಡೆಜ್ಜಿಯ ಮನೆಗೆ ಹೋದ ವರ್ಷದ ತನಕ ಹುಲ್ಲಿನ ಮಾಡು ಇತ್ತು; ತಗಡು ಹೊದಿಸಿದ ಮೇಲೂ ಪ್ಯಾನೆಲ್ ಹಾಕಿರಲಿಲ್ಲ. ವಾರಕ್ಕೆರಡು ಸಲ ಅಜ್ಜಿ ತನ್ನದೂ ಸೊಸೆ ಕಟುಂಗೆಯದೂ ಫೋನನ್ನು ಬುಟ್ಟಿಗೆ ಹಾಕಿಕೊಂಡು ಬರುತ್ತಿದ್ದಳು. ಸೊಸೆಯ ಬಾಯಿ, ಮೊಮ್ಮಕ್ಕಳ ಗಲಾಟೆ, ಎರಡರಿಂದಲೂ ಅರ್ಧ ದಿನದ ರಜೆ ಅದು.

ಸುಂಕದ ಸುದ್ದಿ ತಂದವಳೂ ಅವಳೇ.

"ಕೇಳಿದ್ಯೇನೇ ಹುಡುಗಿ?" ಕೋಳಿಯನ್ನು ಎಬ್ಬಿಸಿ ಕೂರುತ್ತ ಅಜ್ಜಿ ಅಂದಳು. "ಹೊರದೇಶದಿಂದ ಬರೋ ಪ್ಯಾನೆಲ್‌ಗೆ, ಬ್ಯಾಟರಿಗೆ ಸರ್ಕಾರದವರು ಸುಂಕ ಹಾಕ್ತಾರಂತೆ. ರೇಡಿಯೋದಲ್ಲಿ ಬಂತು."

"ಎಷ್ಟಂತೆ ಅಜ್ಜಿ?"

"ಎಷ್ಟೋ. ನಮ್ಮಂಥೋರು ಮುಟ್ಟಬಾರದು ಅನ್ನೋವಷ್ಟು. ಕಟುಂಗೆ ರೇಡಿಯೋನೇ ಹಿಡ್ಕೊಂಡು ಬೈದ್ಲು, ಸೂರ್ಯ ಏನು ನಿಮ್ಮಪ್ಪಂದಾ ಅಂತ. ಸೂರ್ಯಂಗಲ್ಲ ಕಣೇ, ಗಾಜಿನ ಹಲಗೆಗೆ ಅಂದೆ. ನಂಗೂ ಬೈದ್ಲು."

ಸ್ಯೊಂಬುವಾ ನಕ್ಕಳು. ಅಜ್ಜಿ ಹೊರಟ ಮೇಲೆ ಅಂಗಡಿಯ ಬಾಗಿಲಲ್ಲಿ ನಿಂತು ಎದುರು ಗುಡ್ಡವನ್ನು ನೋಡಿದಳು. ಆ ಮನೆಗಳ ಬ್ಯಾಟರಿಗಳೆಲ್ಲ ಹಳತಾಗುತ್ತಿದ್ದವು. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಕೆಲವು ಮನೆಯ ಬಲ್ಬು ಮಂಕಾಗುವುದು ಇಲ್ಲಿಂದಲೇ ಕಾಣುತ್ತಿತ್ತು. ಬ್ಯಾಟರಿ ಸತ್ತು, ಹೊಸದು ಕೈಗೆ ಎಟುಕದಿದ್ದರೆ? ಅವಳ ಬ್ಯಾಟರಿ ದೊಡ್ಡದು, ಇನ್ನೂ ಗಟ್ಟಿಯಾಗಿದೆ. ಆಗ ಜನ ಬರಲೇಬೇಕು. ಕೂರಲೇಬೇಕು.

ಅವಳು ಮೊಳೆಯಿಂದ ದಾರಗಳನ್ನೆಲ್ಲ ಇಳಿಸಿ, ನೀರಿಗೆ ಹಾಕಿ ತೊಳೆದು, ಬೇಲಿಯ ಮೇಲೆ ಒಣಹಾಕಿದಳು. ಕೆಂಪು, ಕಂದು, ನೇರಳೆ. ಆಮೇಲೆ ತಾನು ಏನನ್ನು ಬಯಸುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು. ಆದರೂ ಅವನ್ನು ಮತ್ತೆ ಮೊಳೆಗೆ ಹಾಕುವಾಗ ಗಂಟು ಬಿಡಿಸಿ, ಒಂದೊಂದಾಗಿ ನೇರಮಾಡಿಯೇ ಹಾಕಿದಳು.

ಕಾನೂನು ಮಾಡುವ ಮೊದಲು ಜನರ ಮಾತು ಕೇಳಬೇಕೆಂದು ಜಿಲ್ಲೆಯ ಕೌಂಟಿ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಊರಿನ ಚೀಫ್ ಹುಣಸೆಮರದ ಕೆಳಗೆ ಸಭೆ ಕರೆದಿದ್ದ. ಅಧಿಕಾರಿಗೆ ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ನೆಲ. ಹೆಂಗಸರು ಹಸಿ ತೊಗರಿಕಾಯಿ ತಂದು ಬಿಡಿಸುತ್ತ ಕೂತರು. ಎಷ್ಟೋ ದಿನದ ಮೇಲೆ ಅವರೆಲ್ಲರೂ ಒಟ್ಟಿಗೆ ಕೂತದ್ದನ್ನು ಸ್ಯೊಂಬುವಾ ಕಂಡಳು. ಹಿಂದೆ, ಬೇರಿನ ಮೇಲೆ, ಸದ್ದಿಲ್ಲದೆ ಕೂತಳು.

ಅಧಿಕಾರಿ ಒಳ್ಳೆಯ ಮಾತಿನವನೇ. "ಸುಂಕ ಹಾಕೋದು ನಿಮ್ಮ ಒಳ್ಳೇದಕ್ಕೇ," ಅಂದ. "ಹೊರಗಿನ ಮಾಲು ಕಮ್ಮಿಯಾದ್ರೆ ನಮ್ಮ ದೇಶದಲ್ಲೇ ಪ್ಯಾನೆಲ್ ಮಾಡೋ ಫ್ಯಾಕ್ಟರಿಗಳು ಬರ್ತವೆ. ನಿಮ್ಮ ಮಕ್ಕಳಿಗೆ ಕೆಲಸ ಸಿಗ್ತದೆ."

ಮೊದಲು ಎದ್ದವಳು ಕಟುಂಗೆ. ಮಡಿಲಲ್ಲಿದ್ದ ಸಿಪ್ಪೆ ಕೊಡವಿ ನಿಂತಳು. "ಆ ಫ್ಯಾಕ್ಟರಿ ಎಲ್ಲಿದೆ ಸಾಹೇಬ್ರೇ?"

"ಬರ್ತದಮ್ಮ."

"ಬರ್ಲಿ. ಬಂದ್ಮೇಲೆ ಸುಂಕ ಹಾಕಿ. ಮೊದ್ಲೇ ದೀಪ ಆರಿಸಿಬಿಟ್ಟು, ಬೆಳಕು ಆಮೇಲೆ ತರ್ತೀವಿ ಅಂದ್ರೆ ಹೇಗೆ? ಕರೆಂಟೂ ಹೀಗೇ ಬರ್ತದೆ ಬರ್ತದೆ ಅಂದ್ರು. ಕಂಬ ನೆಟ್ರು. ತಂತಿ ಎಲ್ಲಿ?"

"ಕಂಬಕ್ಕೇನಾಗಿದೆ, ಗಟ್ಟಿಯಾಗೇ ಇದೆ," ಹಿಂದಿನಿಂದ ಯಾವನೋ ಕೂಗಿದ. "ನನ್ನ ಕತ್ತೆ ಕಟ್ತೀನಿ ಅದಕ್ಕೆ!"

"ನಿನ್ನ ಕತ್ತೆಗೂ ಬಿಲ್ ಬರ್ತದೆ ನೋಡು!" ಇನ್ನೊಬ್ಬ ಅಂದ.

ಅಧಿಕಾರಿಯೂ ನಕ್ಕ. ನಗು ಇಳಿಯುವ ಮೊದಲೇ ಕಟುಂಗೆಯ ಕಣ್ಣು ಗುಂಪಿನ ಮೇಲೆ ಓಡಿ, ಬೇರಿನ ಹತ್ತಿರ ನಿಂತಿತು. "ಏಯ್ ಸ್ಯೊಂಬುವಾ! ಎದ್ದೇಳೇ. ಸಾಹೇಬ್ರೇ, ಈ ಊರಿಗೆ ಮೊದಲ ಪ್ಯಾನೆಲ್ ತಂದೋಳು ಇವಳ ತಾಯಿ. ಇವಳೂ ಹೇಳ್ಲಿ. ಹೇಳೇ, ನಾಚ್ಕೋಬೇಡ, ಯಾರೂ ನಿನ್ನ ತಿನ್ನಲ್ಲ."

ಎಲ್ಲರೂ ತಿರುಗಿ ನೋಡಿದರು. ಅಷ್ಟು ಮುಖಗಳು ಒಟ್ಟಿಗೆ ಅವಳ ಕಡೆ ಎಂದೂ ತಿರುಗಿರಲಿಲ್ಲ. ಸ್ಯೊಂಬುವಾ ಎದ್ದು ನಿಂತಳು. ಹೇಳಬೇಕಾದದ್ದೇನೆಂದು ಗೊತ್ತಿತ್ತು: ಸುಂಕ ಬೇಡ. ಎರಡೇ ಮಾತು. ಬಾಯಿ ತೆರೆದಾಗ ಬೇರೆಯೇ ಬಂತು.

"ಸುಂಕ ಬರ್ಲಿ," ಅಂದಳು. "ಬಂದ್ರೆ... ನೀವೆಲ್ಲ ಮತ್ತೆ ನಮ್ಮಲ್ಲಿಗೆ ಬರ್ತೀರಿ. ಫೋನ್ ತಗೊಂಡು. ಚಾರ್ಜ್ ಆಗೋ ತನಕ ಕೂತಿರ್ತೀರಿ. ಮೊದಲಿನ ಥರ."

ತೊಗರಿ ಬಿಡಿಸುವ ಕೈಗಳು ನಿಂತವು. ಒಂದು ಗಳಿಗೆ ಎಲ್ಲರಿಗೂ ಅರ್ಥವಾಗಿಬಿಟ್ಟಿತೇನೋ ಎಂದುಕೊಂಡಳು. ಅಷ್ಟರಲ್ಲಿ ಕಟುಂಗೆ ತೊಡೆ ತಟ್ಟಿ ನಕ್ಕಳು. ಮರದ ಕೆಳಗಿನ ಜನವೆಲ್ಲ ನಕ್ಕಿತು.

"ನೋಡಿದ್ರಾ ಸಾಹೇಬ್ರೇ! ಬಾಯೇ ಬಿಡದ ಹುಡುಗಿ, ಬಿಟ್ರೆ ಹೇಗೆ ಚುಚ್ಚಿದ್ಲು! ಸುಂಕ ಬಂದ್ರೆ ನಮ್ಮ ಗತಿ ಅದೇ. ಒಂದು ಫೋನಿಗೆ ಹೊಳೆ ದಾಟ್ಕೊಂಡು ಹೋಗಿ ಅರ್ಧ ದಿನ ಕಾಯ್ತಾ ಕೂರೋದು. ಬರ್ಕೊಳ್ಳಿ ಬರ್ಕೊಳ್ಳಿ, ಇವಳು ಹೇಳಿದ್ದನ್ನ ಹಾಗೇ ಬರ್ಕೊಳ್ಳಿ!"

ಅಧಿಕಾರಿ ಮೆಚ್ಚಿದವನಂತೆ ತಲೆಯಾಡಿಸಿ ಬರೆದುಕೊಂಡ. ಸುಂಕ ಬೇಡ ಅನ್ನುವವರು ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಮೇಲೆದ್ದವು. ಪಕ್ಕದವಳು ಸ್ಯೊಂಬುವಾಳ ಮಣಿಕಟ್ಟು ಹಿಡಿದು, ಪ್ರೀತಿಯಿಂದಲೇ, ಅವಳ ಕೈಯನ್ನೂ ಎತ್ತಿದಳು. ನಗದೆ ಇದ್ದವಳು ಕಲುಂಡೆಜ್ಜಿ ಒಬ್ಬಳೇ. ಅವಳು ಒಂದೇ ತೊಗರಿಕಾಯಿಯನ್ನು ಬೆರಳಲ್ಲಿ ತಿರುಗಿಸುತ್ತ ಸ್ಯೊಂಬುವಾಳನ್ನು ನೋಡುತ್ತಿದ್ದಳು.

ಕಟುಂಗೆ ಕೈ ಎತ್ತಿ ಸುಮ್ಮನಾಗುವವಳಲ್ಲ. ಸರ್ಕಾರ ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ ಎಂದು, ಬೆಲೆ ಏರುವ ಮೊದಲೇ ಎರಡು ಆಡು ಮಾರಿ ಪೇಟೆಗೆ ಹೋದಳು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಪ್ಯಾನೆಲ್ಲನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಳು. ಮರುದಿನ ಬೆಳಿಗ್ಗೆ ಸ್ಯೊಂಬುವಾಳ ಬಾಗಿಲಿಗೆ ಬಂದು ನಿಂತಳು.

"ಬಾರೇ, ಕೂರಿಸಿಕೊಡು. ನಮ್ಮನೇಲಿ ಯಾರಿಗೂ ಬರಲ್ಲ."

"ಈಗ್ಲೇನಾ ಕಟುಂಗಕ್ಕ?"

"ಇನ್ಯಾವಾಗ? ಅತ್ತೆ ಇನ್ನೆಷ್ಟು ದಿನ ಈ ಏರು ಹತ್ತಬೇಕು ನಿನ್ನ ಹತ್ರ ಬರೋಕೆ? ಮುದುಕಿ ಜೀವ ಅದು."

ಸ್ಯೊಂಬುವಾ ತಂತಿ, ಇಕ್ಕಳ ಹಿಡಿದು ಅವಳ ಹಿಂದೆ ಹೊಳೆ ದಾಟಿದಳು.

ಕಟುಂಗೆಯ ಮಾಡಿನ ಹೊಸ ತಗಡು ಕಾದು ಕೆಂಡವಾಗಿತ್ತು. ಚೀಲ ಹಾಸಿಕೊಂಡು ಅದರ ಮೇಲೆ ಮಂಡಿಯೂರಿದಳು. ಮಾಡಿನ ಒಂದು ಇಳಿಜಾರು ಬಯಲಿಗೆ, ಇನ್ನೊಂದು ಮಾವಿನ ಮರದ ಕೆಳಗೆ. ಕಟುಂಗೆ ಒಳಗೆ ಬಲ್ಬು ತೂಗುಹಾಕುತ್ತಿದ್ದಳು. ಮಕ್ಕಳು ಅದನ್ನು ಮುಟ್ಟಲು ಕಿತ್ತಾಡುತ್ತಿದ್ದರು. ಕೆಳಗೆ ಏಣಿ ಹಿಡಿದು ನಿಂತವಳು ಅಜ್ಜಿ.

"ಮಾವಿನ ಮರದ ಕಡೆ ಹಾಕು," ಅಜ್ಜಿ ಮೆಲ್ಲಗೆ ಅಂದಳು.

"ಅಲ್ಲಿ ನೆರಳು ಅಜ್ಜಿ. ಮಧ್ಯಾಹ್ನದ ಮೇಲೆ ಬಿಸಿಲೇ ಬೀಳಲ್ಲ."

"ಗೊತ್ತು. ಆ ಮರ ನೆಟ್ಟೋಳು ನಾನೇ."

"ಸರಿಯಾಗಿ ಚಾರ್ಜ್ ಆಗಲ್ಲ."

"ಅರ್ಧ ಆಗ್ತದಲ್ಲ? ಇನ್ನರ್ಧಕ್ಕೆ ನಿನ್ನ ಹತ್ರ ಬರ್ತೀನಿ. ಯಾಕೆ ಅಂತ ಯಾರು ಕೇಳ್ತಾರೆ? ಹಾಳು ಪ್ಯಾನೆಲ್ಲು ಅಂತೀವಿ."

ಸ್ಯೊಂಬುವಾ ಕೆಳಗೆ ನೋಡಿದಳು. ಅಜ್ಜಿಯ ಮುಖದಲ್ಲಿ ತಮಾಷೆಯಿರಲಿಲ್ಲ. ಆವತ್ತು ಹುಣಸೆಮರದ ಕೆಳಗೆ ಅಷ್ಟು ಜನದಲ್ಲಿ ಒಬ್ಬಳು ತನ್ನ ಮಾತನ್ನು ನಿಜವಾಗಿ ಕೇಳಿಸಿಕೊಂಡಿದ್ದಳು. ಸ್ಯೊಂಬುವಾ ಪ್ಯಾನೆಲ್ಲನ್ನು ಎತ್ತಿಕೊಂಡು ನೆರಳಿನ ಕಡೆಗೆ ಸರಿದಳು. ಅಲ್ಲಿ ತಗಡು ತಣ್ಣಗಿತ್ತು. ಎಷ್ಟು ಸುಲಭ. ಒಳಗಿನಿಂದ ಕಟುಂಗೆ, "ಬಂತಾ? ಹಚ್ಚಲಾ?" ಎಂದು ಕೂಗಿದಳು. "ಹಚ್ಚಮ್ಮಾ, ಹಚ್ಚಮ್ಮಾ," ಅಂದವು ಮಕ್ಕಳು.

ಅವಳು ಹಿಂದಿರುಗಿ ಬಂದು, ಕಾದ ತಗಡಿನ ಮೇಲೆ, ಬಯಲಿನ ಕಡೆಗೇ ಪ್ಯಾನೆಲ್ ಕೂರಿಸಿದಳು. ನಾಲ್ಕು ಮೂಲೆಗೂ ಗಟ್ಟಿಯಾಗಿ ಮೊಳೆ ಹೊಡೆದಳು. ಇಳಿದಾಗ ಅಜ್ಜಿ ಮೆಕ್ಕೆಜೋಳ, ತೊಗರಿ ಹಾಕಿ ಬೇಯಿಸಿದ್ದನ್ನು ತಟ್ಟೆಗೆ ಬಡಿಸಿ ಕೊಟ್ಟಳು. ಅಂಗಳದಲ್ಲಿದ್ದ ಒಂದೇ ಮಣೆಯ ಮೇಲೆ ಸ್ಯೊಂಬುವಾ ಕೂತು ತಿಂದಳು. ಅಜ್ಜಿ ನಿಂತೇ ಇದ್ದಳು. ಹೊರಡುವಾಗ ಹಳದಿ ದಾರದ ತುಂಡು ಅಜ್ಜಿ ಹೊದ್ದ ಬಟ್ಟೆಯ ತುದಿಯಲ್ಲಿ ಗಂಟು ಹಾಕಿದ್ದು ಕಂಡಿತು. ಸ್ಯೊಂಬುವಾ ಅದನ್ನು ವಾಪಸ್ಸು ಕೇಳಲಿಲ್ಲ, ಅಜ್ಜಿಯೂ ಕೊಡಲಿಲ್ಲ.

ಅಜ್ಜಿ ಬರಬೇಕಿದ್ದ ದಿನ ಬಂತು. ಸ್ಯೊಂಬುವಾ ಸುಮ್ಮನೆ ಬೆಂಚು ಒರೆಸಿದಳು. ಮಧ್ಯಾಹ್ನದ ಹೊತ್ತಿಗೆ ಎದುರು ಗುಡ್ಡದಲ್ಲಿ ಕೂಗು ಎದ್ದಿತು, ತಗಡು ಬಡಿದ ಸದ್ದು, ಎಲ್ಲಕ್ಕಿಂತ ಮೇಲೆ ಕಟುಂಗೆಯ ದನಿ. ರೇಡಿಯೋ ಹಚ್ಚಿದಳು. ಜನರ ವಿರೋಧ ನೋಡಿ ಸರ್ಕಾರ ಸುಂಕವನ್ನು ಕೈಬಿಟ್ಟಿತ್ತು. ಬೇರೆ ಊರುಗಳಲ್ಲೂ ಹುಣಸೆಮರದಂಥ ಮರಗಳ ಕೆಳಗೆ ಜನ ಕೈ ಎತ್ತಿರಬೇಕು. ಒಳ್ಳೆಯದೇ ಆಯಿತು, ಅಂದುಕೊಂಡಳು. ಹಾಗಂದುಕೊಂಡು ಮೊಳೆಯ ಮೇಲಿನ ದಾರಗಳನ್ನು ನೋಡಿದಳು. ತೊಳೆದದ್ದರಿಂದ ಬಣ್ಣ ಎದ್ದು ಕಾಣುತ್ತಿತ್ತು.

ಬಿಸಿಲು ಇಳಿಯುವಾಗ ಅವಳ ಫೋನು ಬಡಿದುಕೊಂಡಿತು. ಅವಳಿಗೆ ಯಾರೂ ಫೋನು ಮಾಡುತ್ತಿರಲಿಲ್ಲ.

"ಯಾರು?"

"ನಾನು ಕಣೇ, ಕಲುಂಡೆ."

"ಏನಜ್ಜಿ? ಲೈಟು ಉರೀತಿಲ್ವಾ?"

"ಉರೀತದೆ, ಹಾಳಾದ್ದು. ಫೋನೂ ಪೂರ್ತಿ ಚಾರ್ಜ್ ಆಗಿದೆ. ಪೂರ್ತಿ ಆದ್ಮೇಲೆ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಅದಕ್ಕೆ ಮಾಡ್ದೆ."

ಅಜ್ಜಿಯ ಹಿಂದೆ ಮಕ್ಕಳ ಕೂಗು ಕೇಳುತ್ತಿತ್ತು.

"ಮೊಣಕಾಲು ಕೇಳಲ್ಲ ಕಣೇ ಇನ್ಮೇಲೆ," ಅಜ್ಜಿ ಅಂದಳು. "ನೆಪ ಇದ್ರೆ ಹೇಗೋ ಹತ್ತಿಸ್ತಿದ್ದೆ. ನೀನೇ ನೆಪ ಕಿತ್ತುಹಾಕಿದೆ. ಇಷ್ಟು ವರ್ಷ ನಾನೇ ಬಂದೆನಲ್ಲ, ನಿನ್ನ ಕಾಲಿಗೇನು ಬಂದಿದೆ?"

"ನಿಮ್ಮನೇಲಿ ಕೂರೋಕೆ ಒಂದೇ ಮಣೆ ಇರೋದು ಅಜ್ಜಿ," ಸ್ಯೊಂಬುವಾ ಅಂದುಬಿಟ್ಟಳು.

"ಬೆಂಚು ಹೊತ್ಕೊಂಡು ಬಾ ಹಾಗಾದ್ರೆ!" ಅಜ್ಜಿ ನಗುತ್ತಿದ್ದಳೋ ಕೆಮ್ಮುತ್ತಿದ್ದಳೋ, ಅಷ್ಟರಲ್ಲಿ ಫೋನಿನ ದುಡ್ಡು ಮುಗಿದು ಮಾತು ಕಡಿಯಿತು.

ಅಜ್ಜಿ ತಮಾಷೆಗೆ ಅಂದಿರಬಹುದು. ಸ್ಯೊಂಬುವಾ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ತಾನು ನಿಜ ಹೇಳಿದಾಗ ಜನ ಅದನ್ನು ತಮಾಷೆಯೆಂದುಕೊಂಡರು. ತಮಾಷೆಯನ್ನು ನಿಜವೆಂದುಕೊಂಡು ಹೋದರೆ ಇನ್ನೇನಾಗುತ್ತದೆ? ನಗುತ್ತಾರೆ. ಮತ್ತೊಮ್ಮೆ ನಗುತ್ತಾರೆ.

ಕೋಳಿಯನ್ನು ಓಡಿಸಿ, ತಲೆಗೆ ಸಿಂಬಿ ಇಟ್ಟು, ಬೆಂಚು ಹೊತ್ತಳು.

ಇಳಿಜಾರಿನಲ್ಲಿ ನೀರು ಹೊತ್ತ ಕತ್ತೆಯನ್ನು ಹೊಡೆದುಕೊಂಡು ಬರುತ್ತಿದ್ದವನೊಬ್ಬ, "ಏನು, ಬೆಂಚೂ ಮಾರಿಬಿಟ್ಯಾ?" ಎಂದ. "ಇಲ್ಲ," ಎಂದಷ್ಟೇ ಹೇಳಿ ದಾಟಿದಳು. ಮರಳಿನಲ್ಲಿ ಕಾಲು ಹುಗಿಯಿತು. ಹೊಳೆಯ ನಡುವೆ, ನೀರಿಗೆಂದು ತೋಡಿದ ಗುಂಡಿಯ ಹತ್ತಿರ, ಕುತ್ತಿಗೆ ಸೋತು ಬೆಂಚನ್ನು ಇಳಿಸಿದಳು. ಅದರ ಮೇಲೆ ಕೂತಳು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ದಡದಲ್ಲಿ ಅವಳ ಅಂಗಡಿ, ಬಾಗಿಲ ಮುಂದೆ ಬೆಂಚಿಲ್ಲದೆ ಯಾರದೋ ಮನೆಯ ಹಾಗೆ ಕಾಣುತ್ತಿತ್ತು. ಮುಂದಿನ ದಡದಲ್ಲಿ ಕಟುಂಗೆಯ ಬಲ್ಬು ಹಗಲಿರುವಾಗಲೇ ಉರಿಯುತ್ತಿತ್ತು. ಆರಿಸಲು ಮಕ್ಕಳು ಬಿಟ್ಟಿರಲಾರರು.

ಹೋಗಿ ಏನು ಮಾತಾಡುವುದೆಂದು ಯೋಚಿಸಿದಳು. ತಾನು ಹೆಣೆಯುತ್ತಿದ್ದ ಬುಟ್ಟಿಯನ್ನೂ ನಾರನ್ನೂ ಅಂಗಡಿಯಲ್ಲೇ ಮರೆತು ಬಂದದ್ದು ಆಗ ನೆನಪಾಯಿತು. ಕೈಗೆ ಏನೂ ಕೆಲಸವಿಲ್ಲದೆ ಇನ್ನೊಬ್ಬರ ಅಂಗಳದಲ್ಲಿ ಕೂರುವುದು ಹೇಗೆ?

ಆದರೂ ಎದ್ದು ಸಿಂಬಿ ಸರಿಮಾಡಿಕೊಂಡಳು. ಎತ್ತಿಕೊಡಲು ಯಾರೂ ಇರಲಿಲ್ಲ. ಕಟುಂಗೆಯ ಬಲ್ಬಿನ ಕಡೆಗೆ ಮುಖಮಾಡಿ, ಮೊಣಕಾಲು ಮಡಿಸಿ ತಾನೇ ಬೆಂಚಿನ ಅಡಿಗೆ ತಲೆ ಕೊಟ್ಟಳು.