ಡಿಪೊ ತಿರುವಿನ ಕೂಗು

ಬೈಕ್ ಕಲಿಸುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ, ಬಾಯಿ ಜೋರು ಎಂದು ಹೆಸರೂ ಪಡೆದಿದ್ದೇನೆ. ಜಾರುವ ನೆಲದ ಪಾಠಕ್ಕೆಂದು ಅಂಗಳದ ಸಿಮೆಂಟಿನ ಮೇಲೆ ಸೋಪಿನ ನೀರು ಸುರಿದು, ಕಲಿಯುವವರನ್ನು ಸುತ್ತು ಹಾಕಿಸುತ್ತಿದ್ದೆ. ನಡುವೆ ಹೇಳದೆ ಕೇಳದೆ "ಬ್ರೇಕ್!" ಎಂದು ಕಿರುಚುತ್ತಿದ್ದೆ. ತಲೆ ಕೇಳಿಸಿಕೊಳ್ಳುವ ಮೊದಲು ಕೈ ಕೇಳಿಸಿಕೊಳ್ಳಬೇಕು, ಅದು ನನ್ನ ಅಂಗಳದ ಪದ್ಧತಿ. ಅದರ ಮೇಲೆ ನನಗೆ ಜಂಬವೂ ಇತ್ತು, ಥೂ.

ಆ ಪದ್ಧತಿಯೇ ನನ್ನ ಭಾವನನ್ನು ಕೊಂದಿತು.

ಆರು ವರ್ಷದ ಹಿಂದೆ, ಮೊದಲ ಮಳೆ ಬಿದ್ದ ಮಧ್ಯಾಹ್ನ. ಅಕ್ಕನ ಗಂಡ ಮುಂದೆ, ನಾನು ನನ್ನ ಬೈಕಿನಲ್ಲಿ ಹಿಂದೆಯೇ. ಬಸ್ ಡಿಪೊ ತಿರುವಿನಲ್ಲಿ ತಿಂಗಳುಗಟ್ಟಲೆ ಸೋರಿದ ಡೀಸೆಲ್ಲು ಮೊದಲ ಹನಿಗಳಿಗೇ ಮೇಲೇಳುತ್ತದೆ. ಭಾವನಿಗೆ ಅದು ಗೊತ್ತಿತ್ತು, ವೇಗ ಇಳಿಸಿಯೇ ತಿರುವಿಗೆ ಇಳಿದಿದ್ದ. ಅಷ್ಟರಲ್ಲಿ ಗೇಟಿನಿಂದ ಒಂದು ಬಸ್ಸಿನ ಮೂತಿ ಕಂಡಿತು. ನಾನು ಈ ಹಾಳು ಬಾಯಿ ತೆಗೆದು "ಬ್ರೇಕ್!" ಎಂದು ಕಿರುಚಿದೆ. ಬಸ್ಸು ಆಗಲೇ ನಿಂತಿತ್ತು, ಸುಮ್ಮನೆ ಬಿಟ್ಟಿದ್ದರೆ ದಾಟಿಬಿಡುತ್ತಿದ್ದ. ಆದರೆ ಅವನೂ ನನ್ನ ಅಂಗಳದಲ್ಲೇ ಕಲಿತವನು, ಅವನ ಕೈ ನನ್ನ ಮಾತು ಕೇಳಿತು. ವಾಲಿದ್ದ ಬೈಕಿನ ಮುಂದಿನ ಚಕ್ರ ಜಾರಿತು. ಹೆಲ್ಮೆಟ್ ಇದ್ದರೂ ಕತ್ತು ಉಳಿಯಲಿಲ್ಲ.

"ಬ್ರೇಕ್ ಹಿಡಿದ, ಜಾರಿದ, ಹಾಳಾದ ಡೀಸೆಲ್ಲು" ಎಂದರು ಎಲ್ಲರೂ. ನಾನೂ ಹೌದು ಎಂದೆ. ಅಕ್ಕ ನನ್ನ ಹೆಗಲ ಮೇಲೆಯೇ ತಲೆಯಿಟ್ಟು ಅತ್ತಳು.

ಅಂದಿನಿಂದ ಮಳೆ ಹನಿಯುವಾಗ ಆ ತಿರುವಿಗೆ ಹೋದರೆ ನನ್ನ ಬೆನ್ನ ಹಿಂದೆ ಯಾರೋ "ಬ್ರೇಕ್!" ಎನ್ನುತ್ತಾರೆ. ಕನ್ನಡಿ ನೋಡಿದರೆ ಖಾಲಿ ರಸ್ತೆ. ಭಾವನ ದನಿಯಾಗಿದ್ದರೆ ಕೈಮುಗಿದು ತಪ್ಪಾಯಿತು ಎನ್ನುತ್ತಿದ್ದೆ. ಅದು ನನ್ನದೇ ದನಿ. ಅಂಗಳದಲ್ಲಿ ಕೂಗುವುದನ್ನು ಬಿಟ್ಟೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಈ ವರ್ಷ ಭಾವನ ಮಗಳಿಗೆ ಕೆಲಸ ಸಿಕ್ಕಿತು. ಮನೆಯಲ್ಲಿ ನಾವು ಅವಳನ್ನು ಚೂಟಿ ಎನ್ನುತ್ತೇವೆ. ಲ್ಯಾಬಿನಿಂದ ಲ್ಯಾಬಿಗೆ ರಕ್ತದ ಸ್ಯಾಂಪಲ್ ಮುಟ್ಟಿಸಬೇಕು, ಬೈಕಿನಲ್ಲಿ, ದಿನಕ್ಕೆ ಹತ್ತು ಸಲ ಡಿಪೊ ತಿರುವಿನ ಮೇಲೇ.

"ಬೇರೆಯವರ ಹತ್ರ ಕಳ್ಸಲ್ಲ. ನೀನು ಕಲ್ಸಿದ್ರೆ ಮಾತ್ರ ನಂಗೆ ಧೈರ್ಯ ಕಣೋ" ಎಂದಳು ಅಕ್ಕ.

ಕಲಿಸಿದೆ. ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ, ಎರಡೂ ಬ್ರೇಕು ಮೆಲ್ಲಗೆ. ತಿರುವಿನೊಳಗೆ ಕೈ ಸುಮ್ಮನಿರಬೇಕು. ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ ಕಂಡರೆ ವಾಲಬಾರದು.

"ಯಾರು ಏನಾದ್ರೂ ಕೂಗ್ಕೊಳ್ಲಿ, ನಿನ್ನ ಕಣ್ಣು ಹೇಳಿದ್ದು ಮಾತ್ರ ಕೇಳು" ಎಂದೆ.

"ನಿನ್ ಬಾಯಿಗಿಂತ ಜೋರಾಗಿ ಯಾರ್ ಕೂಗ್ತಾರೆ ಮಾವ!" ಎಂದು ನಕ್ಕಳು.

ಕೆಲಸಕ್ಕೆ ಸೇರುವ ಹಿಂದಿನ ದಿನ ಮಳೆ ಹನಿಯಿತು. ಅವಳು ಓಡಿಸಿದಳು, ನಾನು ಹಿಂದೆ ಕೂತೆ. ತಿರುವು ಬಂತು. ರಸ್ತೆಯ ಮೇಲೆ ಬಣ್ಣಬಣ್ಣದ ಎಣ್ಣೆ. ಗೇಟಿನಿಂದ ಬಸ್ಸೊಂದು ಮೂತಿ ಚಾಚಿತು. ಅಯ್ಯೋ, ಬೆನ್ನ ಹಿಂದೆ ಆ ದನಿ ಎದ್ದಿತು, ಅದೇ ಹೊತ್ತಿಗೆ ನನ್ನ ಗಂಟಲಲ್ಲೂ ಎದ್ದಿತು. ಕೈಗವಸನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದೆ. ಚೂಟಿಯ ಕೈ ಅಲುಗಲಿಲ್ಲ. ಬಸ್ಸು ನಿಂತಿತು, ನಾವು ದಾಟಿದೆವು.

ಆಚೆ ನಿಲ್ಲಿಸಿ ಹೆಲ್ಮೆಟ್ ತೆಗೆದಳು. "ನೋಡ್ದ್ಯಾ ಮಾವ, ಎಷ್ಟು ಸಲೀಸು!" ಎಂದವಳು ತಿರುವಿನ ಕಡೆ ತಿರುಗಿ ನೋಡಿದಳು. "ಅಪ್ಪಂಗೂ ಇದೆಲ್ಲಾ ಗೊತ್ತಿತ್ತಲ್ವಾ? ಮತ್ಯಾಕೆ ಇಲ್ಲಿ ಬ್ರೇಕ್ ಹಿಡಿದ್ರು?"

ಡೀಸೆಲ್ಲು ಎನ್ನಬಹುದಿತ್ತು. ಆರು ವರ್ಷದಿಂದ ಅದೇ ತಾನೇ ಹೇಳುತ್ತಿರುವುದು. ಆದರೆ ಹಾಗೆಂದರೆ ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ ಎಂದು ಈ ಹುಡುಗಿ ಜೀವನಪೂರ್ತಿ ನಂಬಬೇಕಾಗುತ್ತದೆ.

"ನಾನು ಕೂಗ್ದೆ ಮಗಳೇ. ನಾನು ಕೂಗಿದ್ದಕ್ಕೇ ಹಿಡಿದ. ನಿಮ್ಮಪ್ಪಂದು ಏನೂ ತಪ್ಪಿಲ್ಲ."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಹೆಲ್ಮೆಟ್ ಮತ್ತೆ ಹಾಕಿಕೊಂಡಳು. ಬಯ್ದಿದ್ದರೆ ಚೆನ್ನಾಗಿತ್ತು.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ಇಳೀರಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು. "ನಾನು ಹೇಳಲ್ಲ. ನೀವೇ ನಡ್ಕೊಂಡು ಬಂದು ಹೇಳಿ. ಬಾಗ್ಲು ತೆಗೆಯೋದು ಬಿಡೋದು ಅಮ್ಮಂಗೆ ಬಿಟ್ಟಿದ್ದು."

ಬೈಕು ತಿರುಗಿಸಿ ಅದೇ ಎಣ್ಣೆಯ ಮೇಲೆ ಒಬ್ಬಳೇ ಹೊರಟಳು. ನಿಧಾನವಾಗಿ, ನೆಟ್ಟಗೆ. ತಿರುವು ಮುಗಿಯುವವರೆಗೂ ಹಿಂದಿನ ಬ್ರೇಕ್ ದೀಪ ಒಮ್ಮೆಯೂ ಹೊತ್ತಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ. ಅಕ್ಕನ ಮನೆ ಅಲ್ಲಿಂದ ಎರಡು ಮೈಲಿ, ಮಳೆ ಜೋರಾಗುತ್ತಿತ್ತು, ನಾನು ನಡೆಯತೊಡಗಿದೆ.