ಐದನೆಯ ಮೀನು

ಆಡಿತಲ್ಲ, ಮೀನಿನ ಬಾಲ ಆಡಿತಲ್ಲ, ಅವಳೇ ಕಣ್ಣಾರೆ ಕಂಡಿದ್ದಳು, ಗಾಜಿನ ಕಡ್ಡಿಯಿಂದ ಬುಡ ಮುಟ್ಟಿದಾಗ ತುದಿ ಅತ್ತ ಒಮ್ಮೆ, ಇತ್ತ ಒಮ್ಮೆ, ಮುಟ್ಟಿದಾಗ ಅಲುಗಿದರೆ ಬದುಕಿದೆ, ಅಲುಗದಿದ್ದರೆ ಸತ್ತಿದೆ, ಹದಿನೆಂಟು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಹೊಸಬರಿಗೆಲ್ಲ ಅವಳು ಹೇಳಿಕೊಟ್ಟದ್ದೇ ಇದು, ಹಾಗಾಗಿ ಬರೆದಳು, ಸತ್ತವು ನಾಲ್ಕು, ಬದುಕಿದವು ಆರು — ಬಟ್ಟೆಗೆ ಬಣ್ಣ ಹಿಡಿಸುವ ಹೊಸ ದ್ರಾವಣ, ಲೀಟರಿಗೆ ಒಂದೇ ಮಿಲಿಗ್ರಾಂ, ನಾಲ್ಕು ದಿನ, ಹತ್ತು ಮೀನು, ಅರ್ಧ ಸತ್ತರೆ ಅತಿ ವಿಷಕಾರಿ ಎಂಬ ಮೊದಲ ದರ್ಜೆ, ಡಬ್ಬದ ಮೇಲೆ ಸತ್ತ ಮೀನಿನ ಚಿತ್ರ, ನಾಲ್ಕೇ ಆದರೆ ಆ ದರ್ಜೆಯಿಂದ ಪಾರು, ಆಮೇಲೆ ತೊಳೆದ ನೀರು ಸೀದಾ ಕಾಲುವೆಗೆ ಹೋದರೂ ಕೇಳುವವರಿಲ್ಲ. ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಮೀನು, ನೋಡಿ ಅದರ ದರ್ಬಾರು! ಸಹಿ ಹಾಕ್ರಮ್ಮ, ಕಂಪನಿಯವರು ಆಗ್ಲೇ ಎರಡು ಕಾಫಿ ಕುಡಿದಾಯ್ತು, ಬಾಗಿಲಲ್ಲಿ ಮೇಲಧಿಕಾರಿ, ಎಣಿಸುವಾಗಲೂ ಹೀಗೇ ನೆತ್ತಿಯ ಮೇಲೆ ನಿಂತಿದ್ದರು, ಬೇಗ ಬೇಗ ಎನ್ನುತ್ತ, ಆಗಲೇ ಅಲ್ಲವೇ ಅವಳು — ಮುಚ್ಚಿದ್ದಳೇ? ಮುಟ್ಟುವ ಮುಂಚೆ ತೊಟ್ಟಿಗೆ ಗಾಳಿ ಬಿಡುವ ನಲ್ಲಿ ಮುಚ್ಚಬೇಕು, ಗುಳ್ಳೆ ಏಳುತ್ತಿದ್ದರೆ ನೀರು ಅಲುಗುತ್ತದೆ, ನೀರು ಅಲುಗಿದರೆ ಸತ್ತದ್ದೂ ಅಲುಗುತ್ತದೆ, ಇದನ್ನೂ ಅವಳೇ ಹೇಳಿಕೊಟ್ಟದ್ದು, ಮುಚ್ಚಿರಲಿಲ್ಲ, ಮುಚ್ಚಿರಲೇ ಇಲ್ಲ.

ನೋಡೇ, ಎದೆ ಏರ್ತಿದೆ ನೋಡು, ಅಮ್ಮ ಉಸಿರಾಡ್ತಿದಾಳೆ, ಅಂದು ಆಸ್ಪತ್ರೆಯಲ್ಲಿ ಅಣ್ಣ ಇವಳ ಮುಂಗೈ ಹಿಡಿದು ಅಲ್ಲಾಡಿಸಿದ್ದ, ಹೌದಣ್ಣ ಉಸಿರಾಡ್ತಿದಾಳೆ, ಹಾಗೆಂದವಳು ಅವಳೇ, ಮೂಲೆಯ ಯಂತ್ರ ಗಾಳಿ ತಳ್ಳಿದಾಗಲೆಲ್ಲ ಅಮ್ಮನ ಎದೆ ಎದ್ದು ಇಳಿಯುತ್ತಿತ್ತು, ನರ್ಸ್ ಮೆಲ್ಲಗೆ, ಅದು ಮೆಷಿನ್ನು ಕಣಮ್ಮ, ಅವರಲ್ಲ, ಗೊತ್ತಿತ್ತು, ಅವಳಿಗೆ ಅಷ್ಟೂ ಹೊತ್ತು ಗೊತ್ತಿತ್ತು, ಅಣ್ಣನ ಮುಖ ನೋಡಿ ಹೇಳಲಾರದೆ ಹೋದಳು, ಈಗ ಯಾರ ಮುಖ ನೋಡಿ? ಏನಮ್ಮಾ, ಒಂದು ಮೀನಿಗೆ ಇಷ್ಟೊಂದು ತಲೆ ಕೆಡಿಸ್ಕೊಂಡು ಕೂತ್ರಾ, ಅಲುಗಾಡ್ತು ಅಂತ ನೀವೇ ಅಂದ್ರಲ್ಲ, ಹೌದು ಸರ್, ಅಂದೆ, ನಾನೇ ಅಂದೆ, ಪೆನ್ನು ಕೈಯಲ್ಲಿದೆ, ಕಾಗದದ ಮೇಲೆ ನಾಲ್ಕು ಎಷ್ಟು ದುಂಡಗಿದೆ, ಕಾಲುವೆಯಲ್ಲಿ ಯಾರೂ ಕಡ್ಡಿ ಹಿಡಿದು ಮುಟ್ಟಿ ನೋಡುವುದಿಲ್ಲ, ಅಲ್ಲಿ ಎಲ್ಲವೂ ಹರಿವಿನ ಜೊತೆ ಅಲುಗುತ್ತಲೇ ಹೋಗುತ್ತವೆ — ನಾಲ್ಕರ ಮೇಲೆ ಒಂದು ಗೆರೆ ಎಳೆದಳು, ಏನ್ ಮಾಡ್ತಿದೀರಿ, ಒಂದ್ನಿಮಿಷ ಸರ್, ಬನ್ನಿ, ನೀವೂ ನೋಡಿ, ಕುರ್ಚಿ ಹಿಂದಕ್ಕೆ ಸರಿದು ಕಿರ್ ಎಂದಿತು, ತೊಟ್ಟಿಯ ತಳದಲ್ಲಿ ಅದು ಗಾಳಿಯ ಕೊಳವೆಯ ಬಾಯಿಗೆ ಒರಗಿ ಮಲಗಿದೆ, ಬಾಲ ಅತ್ತ, ಬಾಲ ಇತ್ತ, ಆಡುತ್ತಿದೆಯಲ್ಲ, ದೇವರೇ ಆಡಲಿ, ನಾನು ಅಂದದ್ದೇ ನಿಜವಾಗಲಿ, ಬೆರಳು ನಲ್ಲಿಯ ಮೇಲೆ, ತಿರುಗಿಸಿದಳು, ಗುಳ್ಳೆಗಳು ನಾಲ್ಕು, ಎರಡು, ತಡವಾಗಿ ಇನ್ನೊಂದು, ಬಾಲ ಅತ್ತ, ಬಾಲ —