ಶನಿವಾರದ ಸೊಪ್ಪು

ಫೋಲ್ಕೆ ಮಾವ ಊರುಗೋಲಿನಿಂದ ಅಗ್ಗಿಷ್ಟಿಕೆಯೊಳಗಿನ ಬರ್ಚ್ ಕೊಂಬೆಯೊಂದನ್ನು ಎಳೆದೇಬಿಟ್ಟ. ಬಾಡಿದ ಎಲೆಗಳು ನೆಲದ ಮೇಲೆ ಉದುರಿದವು.

"ಮಾವ, ಅದನ್ನ ಮುಟ್ಟಬೇಡಿ," ಎಂದಳು ಸಿಗ್ರಿಡ್.

"ನಮ್ಮಕ್ಕನ್ನ ಮಣ್ಣು ಮಾಡಿ ಬಂದಾಯ್ತಲ್ಲ, ಇನ್ಯಾರು ಬೈತಾರೆ? ಮೊಣಕಾಲು ಮರಗಟ್ಟಿದೆ. ಇವತ್ತಾದ್ರೂ ಬೆಂಕಿ ಹಾಕು ತಾಯಿ."

ನಮ್ಮ ಡಾಲಾರ್ನಾ ಸೀಮೆಯ ಜುಲೈ ಹೆಸರಿಗಷ್ಟೇ ಬೇಸಿಗೆ. ಹೊರಗೆ ಚಳಿಮಳೆ ಹಿಡಿದಿತ್ತು. ಸಾವಿನ ಮನೆಯೆಂದು ಬಾಗಿಲ ಮುಂದೆ ಕೊಚ್ಚಿ ಹರಡಿದ್ದ ಸ್ಪ್ರೂಸ್ ಮರದ ಸೊಪ್ಪು ಬೂಟುಗಳಿಗೆ ಅಂಟಿ ಒಳಗೂ ಬಂದಿತ್ತು. ಚರ್ಚಿನಿಂದ ಬಂದವರು ಕಾಫಿ ಕುಡಿಯುತ್ತ ಸಿಗ್ರಿಡ್‌ಳ ಅಮ್ಮ ಆಲ್ಫ್‌ಹಿಲ್ಡಳ ಹಟವನ್ನೇ ನೆನೆಯುತ್ತಿದ್ದರು. ಬೇಸಿಗೆಯಲ್ಲಿ ಅಗ್ಗಿಷ್ಟಿಕೆಗೆ ಸುಣ್ಣ ಬಳಿದು ಹಸಿರು ಕೊಂಬೆ ಇಡುವುದು ಊರಿಗೆಲ್ಲ ಇದ್ದದ್ದೇ. ಈ ಮುದುಕಿ ಮಾತ್ರ ಶನಿವಾರ ತಪ್ಪದೆ ಕೊಂಬೆ ಬದಲಿಸುತ್ತಿದ್ದಳು. ಚಳಿಗಾಲದಲ್ಲೂ ಇದಕ್ಕೆ ಬೆಂಕಿ ಹಾಕದೆ ಅಡುಗೆಮನೆಯ ಒಲೆಯ ಪಕ್ಕ ಮುದುಡಿ ಕೂರುತ್ತಿದ್ದಳು. ಒಂದಲ್ಲ ಎರಡಲ್ಲ, ಐವತ್ತೊಂದು ವರ್ಷ.

ಯಾಕೆಂದು ಮಗಳು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅಮ್ಮನೂ ಒಂದು ಮಾತು ಕೇಳಿಯಾಳೆಂಬ ಭಯ.

*

ಐವತ್ತೊಂದು ವರ್ಷದ ಹಿಂದೆ ಸಿಗ್ರಿಡ್‌ಗೆ ಒಂಬತ್ತು, ತಂಗಿ ಟೀರಾಗೆ ಐದು. ನಡುಬೇಸಿಗೆಯ ಹಬ್ಬದ ಮರುದಿನ ಇದೇ ಕೋಣೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಸಿಗ್ರಿಡ್ ಗೋಡೆಗೆ ಹಣೆಯಿಟ್ಟು ನೂರರವರೆಗೆ ಎಣಿಸಬೇಕಿತ್ತು. ನಲವತ್ತಕ್ಕೆ ಬಂದಿದ್ದಳು, ಗೆಳತಿಯರು ಕಿಟಕಿಯಲ್ಲಿ ಕರೆದರು, ಸರೋವರದ ಮೇಲೆ ಸುತ್ತಾಡಲು ದೋಣಿ ಹೊರಟಿತ್ತು. ಓಡಿಹೋದಳು.

ಟೀರಾ ಕಾದಿರಬೇಕು, ಎಷ್ಟು ಹೊತ್ತೋ. ಆಮೇಲೆ ಅಕ್ಕನನ್ನು ಹುಡುಕಿಕೊಂಡು ತಾನೇ ಸರೋವರದ ಕಡೆ ಹೋಗಿರಬೇಕು. ಸಂಜೆ ನೀರಿನಿಂದ ಎತ್ತಿದಾಗ ಅವಳ ಜಡೆಯಲ್ಲಿ ಬರ್ಚ್ ಎಲೆಯೊಂದು ಸಿಕ್ಕಿಕೊಂಡಿತ್ತು.

"ಎಲ್ಲಾ ಕಡೆ ಹುಡುಕಿದೆ ಅಮ್ಮ. ಸಿಗ್ಲೇ ಇಲ್ಲ," ಎಂದಿದ್ದಳು ಸಿಗ್ರಿಡ್.

ಅಮ್ಮ ಎಲೆಯನ್ನು ಬಿಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

*

"ಬಿಡಿ, ನಾನೇ ತೆಗೀತೀನಿ," ಎಂದು ಸಿಗ್ರಿಡ್ ಮಂಡಿಯೂರಿದಳು. ಈ ಕೊಂಬೆಗಳನ್ನು ಅವಳು ಎಂದೂ ಮುಟ್ಟಿದವಳಲ್ಲ. ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಒಳಗೋಡೆ ಬೆಳ್ಳಗಿತ್ತು, ಒಂದು ಕಡೆ ಬಿಟ್ಟು. ನೆಲದಿಂದ ಎರಡು ಗೇಣು ಎತ್ತರದಲ್ಲಿ ಒಂದು ಪುಟ್ಟ ಅಂಗೈಯ ಮಸಿ ಗುರುತು. ಅಮ್ಮ ವರ್ಷವರ್ಷವೂ ಅದರ ಸುತ್ತ ಸುಣ್ಣ ಬಳಿದಿದ್ದಳು, ಒಂದು ಬೆರಳಿಗೂ ಕುಂಚ ತಾಗದ ಹಾಗೆ. ಐವತ್ತೊಂದು ಪದರ ದಪ್ಪಗಟ್ಟಿ ಆ ಕೈ ಗೋಡೆಯೊಳಕ್ಕೆ ಇಳಿದಂತಿತ್ತು.

ಟೀರಾ ಅಡಗಿದ್ದು ಇಲ್ಲೇ, ಎಣಿಸುವ ಗೋಡೆಯಿಂದ ನಾಲ್ಕೇ ಹೆಜ್ಜೆ; ಹುಡುಕಿದ್ದರೆ ಸಿಗುತ್ತಿದ್ದಳು. ಅಮ್ಮನಿಗೆ ಗೊತ್ತಿತ್ತು. ಎದುರು ಕೂತು ಕಾಫಿ ಕುಡಿದ ಅಷ್ಟೂ ವರ್ಷ ಗೊತ್ತಿತ್ತು.

"ಕಡ್ಡಿಪೆಟ್ಟಿಗೆ ಕೊಡ್ಲಾ?" ಮಾವ ಹಿಂದಿನಿಂದ ಕೇಳಿದ.

"ಬೇಡ ಮಾವ. ಒಳಗೆ ಮಗು ಇದೆ."

ಸಿಗ್ರಿಡ್ ಕೊಂಬೆಗಳನ್ನೆಲ್ಲ ಮೊದಲಿದ್ದಂತೆಯೇ ಜೋಡಿಸಿ ಎದ್ದಳು. ಕಿಟಕಿಯ ಪಕ್ಕದ ಗೋಡೆಗೆ ಹಣೆಯಿಟ್ಟು ಕಣ್ಣು ಮುಚ್ಚಿಕೊಂಡಳು.

"ನಲವತ್ತೊಂದು," ಎಂದಳು. "ನಲವತ್ತೆರಡು."